ನಾನು ಓದದೇ ಬಿಟ್ಟ ಪ್ಯಾರಾ

ನಮ್ಮ ಮನೆಯ ಎಮ್ಮೆಗಳ ಹಾಲು ನನಗೆ ಸಿಕ್ಕಿದ್ದು ಚಹಾದಲ್ಲಿ ಮಾತ್ರ. ಉಳಿದದ್ದೆಲ್ಲ ತಮ್ಮನ ಹೊಟ್ಟೆಗೆ. ಬೆಳಿಗ್ಗೆ ಒಂದು ತಂಬಿಗೆ, ತಾಲೀಮಿನಿಂದ, ಅಂದರೆ ಗರಡಿಮನೆಯಿಂದ, ಬಂದ ಮೇಲೆ ಇನ್ನೊಂದು ತಂಬಿಗೆ. ನಾವು ಜೈನರು, ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವ ಹಾಗಿಲ್ಲ. ಮೈ ಕಟ್ಟಬೇಕಾದರೆ ಹಾಲು, ಬದಾಮಿ, ತುಪ್ಪ ಇಷ್ಟೇ ದಾರಿ, ಆ ದಾರಿಗೆ ನಾನು ಅಡ್ಡ ಬರಬಾರದು. ಹೈಸ್ಕೂಲಿನಲ್ಲಿ ನಾನೂ ಓಡುತ್ತಿದ್ದೆ. ಎಂಟುನೂರು ಮೀಟರಿನಲ್ಲಿ ತಾಲೂಕಿಗೆ ಮೊದಲು ಬಂದ ದಿನ ಅವ್ವ ಹೇಳಿದ್ದು, "ಸಾಕ್ ಬಿಡು, ಬಿಸಲಾಗ ಓಡಿ ಓಡಿ ಮಾರಿ ಕರ್ರಗಾಗೇತಿ. ನಾಳೆ ನೋಡಾಕ ಬಂದವರಿಗೆ ಏನ್ ತೋರಸೂದು?" ಅವತ್ತೂ ನನಗೆ ಚಹಾ ಸಿಕ್ಕಿತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲಸಕ್ಕೆ ಕಾರಣ ಹುಡುಕುವವರಿಗೆ ತೊಂದರೆಯಾಗಬಾರದು. ಕಾರಣ ಹೊಟ್ಟೆಕಿಚ್ಚು. ಅದಕ್ಕೆ ಇದಕ್ಕಿಂತ ದೊಡ್ಡ ಹೆಸರು ಬೇಕಾಗಿಲ್ಲ.

ನಮ್ಮೂರು ಇರುವುದು ಸದಲಗಾ ಮತ್ತು ನಿಪ್ಪಾಣಿಯ ನಡುವೆ, ದೂಧಗಂಗೆಯ ದಂಡೆಗೆ. ಹೊಲದಲ್ಲಿ ಅರ್ಧ ಕಬ್ಬು, ಅರ್ಧ ತಂಬಾಕು. ಅಪ್ಪ ಬಸದಿಯ ಕಮಿಟಿಯ ಅಧ್ಯಕ್ಷ. ಬಿಡಬೇಕಾದ ಏಳು ವ್ಯಸನಗಳ ಪಟ್ಟಿಯನ್ನು ಬಸದಿಯ ಗೋಡೆಯ ಮೇಲೆ ಬರೆಸಿದವನೂ ಅವನೇ. ಜೂಜು, ಮಾಂಸ, ಮದ್ಯ, ಬೇಟೆ, ಕಳವು, ಹೀಗೆ ಸಾಗುತ್ತದೆ ಅದು. ಅದರಲ್ಲಿ ತಂಬಾಕು ಇಲ್ಲ, ನಮ್ಮ ಪುಣ್ಯ. ಇದ್ದಿದ್ದರೆ ಗೋಡೆಗೆ ಬಣ್ಣ ಹಚ್ಚಲು ದುಡ್ಡು ಎಲ್ಲಿಂದ ಬರಬೇಕಿತ್ತು? ಸುಳ್ಳು ಕೂಡ ಇಲ್ಲ. ಸುಳ್ಳಾಡಬಾರದು ಎಂಬುದು ನಮ್ಮ ಧರ್ಮದಲ್ಲಿ ಬೇರೆ ಕಡೆ ಬರುತ್ತದೆ, ಆದರೆ ನಮ್ಮೂರವರು ಎಣಿಸುವುದು ಗೋಡೆಯ ಮೇಲಿದ್ದದ್ದನ್ನಷ್ಟೇ.

ತಮ್ಮ ಮೊದಲು ಕುಸ್ತಿ ಕಲಿತ, ಆಮೇಲೆ ಕಬಡ್ಡಿ ಹಿಡಿದ. ರೇಡರ್. ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ, ನಗುತ್ತ ಹೊರಬರುವುದು ಅವನ ಕೆಲಸ. ಇಪ್ಪತ್ನಾಲ್ಕರ ವಯಸ್ಸಿಗೆ ಟಿವಿಯಲ್ಲಿ ತೋರಿಸುವ ದೊಡ್ಡ ಲೀಗಿನ ತಂಡವೊಂದು ಅವನನ್ನು ಹರಾಜಿನಲ್ಲಿ ಕೊಂಡಿತು. ಮಗ ಹರಾಜಾದ ಎಂದು ಊರಿಗೆಲ್ಲ ಪೇಢೆ ಹಂಚಿದ ತಂದೆ ಇದ್ದರೆ ಅದು ನಮ್ಮಪ್ಪ. ಆ ವರ್ಷವೇ ಊರಲ್ಲಿ ಮುನಿಗಳ ಚಾತುರ್ಮಾಸ. ತಮ್ಮನನ್ನು ಮುನಿಗಳ ಮುಂದೆ ನಿಲ್ಲಿಸಿ, ಏಳೂ ವ್ಯಸನ ಬಿಟ್ಟೆ ಎಂದು ನೇಮ ಹಿಡಿಸಿದರು. ಅವನ ಹಿಂದೆ ಊರ ಹುಡುಗರೆಲ್ಲ ಸಾಲಾಗಿ ನಿಂತು ನೇಮ ಹಿಡಿದರು. ಮುನಿಗಳು ನವಿಲುಗರಿಯ ಪಿಂಛಿಯನ್ನು ಅವನ ತಲೆಗೆ ಮುಟ್ಟಿಸಿದ ಫೋಟೋ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಆಗಿ ನಿಂತಿತು. ಮೇಲೆ "ವ್ಯಸನಮುಕ್ತ ಆಟಗಾರ" ಎಂಬ ಅಕ್ಷರ, ಕೆಳಗೆ ಕೈಮುಗಿದ ಅಪ್ಪ. ನಾನಾಗ ಮದುವೆಯಾಗಿ ಅಥಣಿ ಸೇರಿದ್ದೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ತವರಿಗೆ ಬಂದಾಗಲೆಲ್ಲ ಬಸ್ಸಿಳಿದ ಕೂಡಲೇ ಕಾಣುತ್ತಿದ್ದದ್ದು ಫ್ಲೆಕ್ಸಿನಲ್ಲಿ ನಗುವ ಅವನ ಹಲ್ಲು. ಅದರಲ್ಲಿ ಒಂದೊಂದು ಹಲ್ಲೂ ನನ್ನ ಪಾಲಿನ ಹಾಲು ಕುಡಿದು ಬೆಳೆದದ್ದು.

ಎರಡನೇ ಸೀಸನ್ನಿನಲ್ಲಿ ಅದು ನಡೆಯಿತು. ಶಿವರಾತ್ರಿಯ ಸುತ್ತಮುತ್ತ ಅವನಿಗೆ ಹತ್ತು ದಿನ ಬಿಡುವಿತ್ತು, ಊರಿಗೆ ಬಂದು ಹೋದ. ಹಬ್ಬ ಕಳೆದು ಐದನೇ ದಿನದ ಪಂದ್ಯ ಮುಗಿಯುತ್ತಿದ್ದಂತೆ ಡೋಪಿಂಗಿನ ಮೂತ್ರ ಪರೀಕ್ಷೆಗೆ ಕರೆದರಂತೆ. ಅಂಗಿ ಎದೆಯ ತನಕ ಎತ್ತಿ, ಚಡ್ಡಿ ಮೊಣಕಾಲಿಗೆ ಇಳಿಸಿ, ಎದುರಿಗೆ ಒಬ್ಬ ಮನುಷ್ಯ ಕಣ್ಣು ಮಿಟುಕಿಸದೆ ನೋಡುತ್ತಿರುವಾಗ ಲೋಟ ತುಂಬಬೇಕಂತೆ. ಅದನ್ನು ಎರಡು ಬಾಟಲಿಗೆ ಹಾಕಿ ಮುದ್ರೆ ಒತ್ತಿಸಿದರಂತೆ. ಏಳು ದಿನದಲ್ಲಿ ಏನೇನು ಔಷಧ ತೆಗೆದುಕೊಂಡಿದ್ದೀ ಬರೆ ಎಂದು ಫಾರ್ಮು ಕೊಟ್ಟರೆ ಇವನು ಕೆಮ್ಮಿನ ಔಷಧ ಎಂದು ಬರೆದ. ಮಹಾ ಬುದ್ಧಿವಂತ.

ಫಲಿತಾಂಶದ ಪತ್ರ ಅವನ ಮೊಬೈಲಿಗೆ ಬಂತು. ಅವನು ನಿಪ್ಪಾಣಿಯ ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು, ಅಪ್ಪನ ಹತ್ತಿರ ಹೋಗದೆ ನೇರವಾಗಿ ಅಥಣಿಗೆ, ನನ್ನ ಅಡುಗೆಮನೆಗೆ ಬಂದ. ಅತ್ತೆ ಬಸದಿಗೆ ಹೋಗಿದ್ದರು. ಅವನು ಮಣೆಯ ಮೇಲೆ ಕೂತು ನೆಲ ನೋಡಿದ.

"ಅಕ್ಕಾ, ಎಳದೇನಿ."

"ಏನ್ ಎಳದಿ?"

"ಗಾಂಜಾ. ಹೊಳಿ ದಂಡ್ಯಾಗ, ಸಾಲ್ಯಾಗ ಜೋಡಿ ಇದ್ದವರ ಕೂಡ. ಹತ್ತ ದಿನಾನೂ ಎಳದೇನಿ, ಸಂಜೀಕ."

"ಯಾಕಲೇ?"

"ಯಾಕಂದ್ರ ಏನ್ ಹೇಳ್ಲಿ. ಮಜಾಕ್ಕ. ಸುಮ್ನ."

ನನಗೆ ನಗು ಬಂತು, ಜೋರಾಗಿಯೇ ನಕ್ಕೆ. "ನಾಚಿಕಿ ಬರೂದಿಲ್ಲೇನ ನಿಂಗ? ಬಸ್‌ಸ್ಟ್ಯಾಂಡಿನ್ಯಾಗ ಹಲ್ಲ ಕಿಸಕೊಂಡ ನಿಂತೀದಿ, ವ್ಯಸನಮುಕ್ತ ಅಂತ!" ಏಳು ಜನ ಹಿಡಿದರೂ ಬಗ್ಗದ ಹೆಗಲು ಆವತ್ತು ಮಣೆಯ ಮೇಲೆ ಕುಗ್ಗಿ ಕೂತಿತ್ತು. ನಾನು ಅದನ್ನು ಕಣ್ತುಂಬ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನಿಗೆ ಚಹಾ ಕೊಟ್ಟೆ. ಮನೆಯಲ್ಲಿ ಹಾಲಿತ್ತು, ಕೊಡಲಿಲ್ಲ.

"ಇದನ್ನ ಅಪ್ಪಗ ನೀನ ಓದಿ ಹೇಳಕ್ಕಾ," ಎಂದು ಕಾಗದ ನನ್ನ ಕೈಗಿಟ್ಟ. "ನನ್ನ ಬಾಯಿಲೆ ಬರೂದಿಲ್ಲ." ಅವನಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿಗೆ ಎರಡು ಸಲ ಕೂತವನು.

ಅವನು ಹೋದ ಮೇಲೆ ಪತ್ರವನ್ನು ಎರಡು ಸಲ ಓದಿದೆ. ಮೂರನೇ ಪುಟದಲ್ಲಿ ಒಂದು ಪ್ಯಾರಾ ಇತ್ತು. ಗಾಂಜಾದಂಥದ್ದನ್ನು ಪಂದ್ಯದ ದಿನ ಬಿಟ್ಟು ಬೇರೆ ದಿನ, ಆಟಕ್ಕೆ ಸಂಬಂಧವಿಲ್ಲದೆ ಸೇವಿಸಿದ್ದು ಎಂದು ಆಟಗಾರ ತೋರಿಸಿಕೊಟ್ಟರೆ ಮೂರು ತಿಂಗಳು ಮಾತ್ರ ಆಟ ಬಂದ್. ಚಟ ಬಿಡಿಸುವ ಚಿಕಿತ್ಸೆಗೆ ಹೋಗಿ ಮುಗಿಸಿ ಬಂದರೆ ಒಂದೇ ತಿಂಗಳು. ಹಾಗಲ್ಲದೆ, ಅದು ಮೈಯೊಳಗೆ ಹೇಗೆ ಬಂತು ಎಂಬುದನ್ನೂ ತೋರಿಸಲು ಆಗದಿದ್ದರೆ ಎರಡು ವರ್ಷ. ಕಾನೂನಿಗೆ ಬೇಕಾಗಿದ್ದದ್ದು ಅವನು ನನ್ನ ಅಡುಗೆಮನೆಯಲ್ಲಿ ಹೇಳಿದ ಅದೇ ಮಾತು. ಮಜಾಕ್ಕ, ಸುಮ್ನ. ಅಷ್ಟು ಹೇಳಿ, ಜೊತೆಗಿದ್ದ ಗೆಳೆಯರಿಂದಲೂ ಹೇಳಿಸಿ ಸಹಿ ಹಾಕಿದ್ದರೆ ಮುಂದಿನ ಸೀಸನ್ನಿನ ಹರಾಜಿಗೆ ಅವನು ಹಾಜರ್. ಎರಡು ವರ್ಷವಾದರೆ ಕಥೆ ಬೇರೆ. ಇಪ್ಪತ್ತೈದರ ರೇಡರ್ ಎರಡು ವರ್ಷ ಮನೆಯಲ್ಲಿ ಕೂತರೆ ಆಮೇಲೆ ಅವನನ್ನು ಯಾರೂ ಕೇಳುವುದಿಲ್ಲ.

ಆ ಪ್ಯಾರಾದ ಪಕ್ಕ ಪೆನ್ಸಿಲಿನ ಸಣ್ಣ ಗೆರೆಯೊಂದಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಯಾರೋ ಎಳೆದಿರಬೇಕು ಎಂದುಕೊಂಡೆ.

ಆ ರವಿವಾರ ನಮ್ಮೂರ ಪಡಸಾಲೆಯಲ್ಲಿ ಅಪ್ಪ, ಅವ್ವ, ತಮ್ಮ ಕೂತಿದ್ದರು. ನಾನು ಶಾಲೆಯಲ್ಲಿ ಪಾಠ ಓದುವ ಹಾಗೆ ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಓದಿದೆ. ಬಾಟಲಿಯ ನಂಬರು ಓದಿದೆ, ಪ್ರಯೋಗಾಲಯದ ಹೆಸರು ಓದಿದೆ, ಎರಡು ವರ್ಷದ ಮಾತು ಓದಿದೆ. ಗಾಂಜಾ ಎಂಬ ಶಬ್ದ ಬಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರನೇ ಪುಟಕ್ಕೆ ಬಂದೆ. ಆ ಪ್ಯಾರಾ ಕಣ್ಣೆದುರಿಗೇ ಇತ್ತು. ಅದರ ಮೇಲಿನ ಸಾಲು ಮುಗಿಸಿ, ಅದರ ಕೆಳಗಿನ ಸಾಲು ಶುರುಮಾಡಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಎಷ್ಟು ಹೊತ್ತು ಬೇಕಾಗುತ್ತದೋ ಅಷ್ಟೇ ಹೊತ್ತು.

ಕಾಗದ ಮಡಚುವಾಗ ತಮ್ಮ ಕೇಳಿದ, "ಅಷ್ಟ ಏನಕ್ಕಾ?"

"ಅಷ್ಟ," ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ತಲೆ ತಗ್ಗಿಸಿದ. ಅಪ್ಪ ಮಾತ್ರ ತಲೆ ತಗ್ಗಿಸುವವನಲ್ಲ. "ನನ್ನ ಮಗ ಮುನಿಗಳ ಮುಂದ ನೇಮಾ ಹಿಡದಾಂವ. ಅಂವಾ ಸೇದೂದು ಅಂದ್ರ ಏನು? ಯಾರೋ ಹಾಕ್ಯಾರ. ಉಣ್ಣೂದ್ರಾಗ, ಕುಡಿಯೂದ್ರಾಗ, ಯಾರೋ ಬೇಕಂತ ಹಾಕ್ಯಾರ!"

"ಕಣ್ಣ ಬಿತ್ತು ನೋಡ್ರಿ," ಎಂದಳು ಅವ್ವ. "ಆ ಫೋಟೋ ಹಾಕಿಸಬ್ಯಾಡ್ರಿ ಅಂದಿದ್ದೆ."

ಯಾರು, ಎಲ್ಲಿ, ಯಾವಾಗ ಹಾಕಿದರು ಎಂಬುದು ಅಪ್ಪನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. "ಶಿವರಾತ್ರಿಗೆ ತಾಲೀಮಿನ್ಯಾಗ ಥಂಡಾಯಿ ಕುಡದಿದ್ನಲ್ಲ," ಎಂದೆ. "ಅದರಾಗ ಭಂಗಿ ಸೊಪ್ಪ ಅರದ ಹಾಕಿದ್ರ?" ಭಂಗಿ, ಗಾಂಜಾ ಎರಡೂ ಒಂದೇ ಗಿಡದ ಮಕ್ಕಳು, ಪರೀಕ್ಷೆಯಲ್ಲಿ ಒಂದೇ ಹೆಸರು ಬರುತ್ತದೆ. ಅಪ್ಪನ ಮುಖಕ್ಕೆ ಜೀವ ಬಂತು. ತಂಡದ ಮ್ಯಾನೇಜರ್ ಫೋನು ಮಾಡಿ, ಇಂಥ ಕೇಸು ನಡೆಸುವ ವಕೀಲರಿದ್ದಾರೆ, ಕೊಡಿಸಲಾ ಎಂದು ಕೇಳಿದ. ವಕೀಲ ಬಂದರೆ ಆ ಪ್ಯಾರಾ ಓದದೆ ಬಿಡುತ್ತಾನೆಯೇ? "ಮನೀ ಮಾನ ಹೊರಗಿನವರ ಕೈಯಾಗ ಯಾಕ ಕೊಡತೀರಿ, ನಾ ಬರೀತೇನಿ," ಎಂದೆ. ಅಪ್ಪ ಮೊದಲ ಸಲ ನನ್ನ ಕಡೆ ಹೆಮ್ಮೆಯಿಂದ ನೋಡಿದ. ಬಿಎ, ಬಿಎಡ್ ಮಾಡಿಸಿದ್ದು ದಂಡವಾಗಲಿಲ್ಲ ಎಂದು ಅವ್ವನಿಗೆ ಹೇಳಿದ.

ಆದರೆ ಥಂಡಾಯಿ ಎಂದರೆ ವಸ್ತಾದನನ್ನು ಕೇಳಬೇಕು. ವಸ್ತಾದ ಅಂದರೆ ತಾಲೀಮಿನ ಗುರು, ಎಪ್ಪತ್ತು ದಾಟಿದ ಮುದುಕ, ತಮ್ಮನ ಮೈಗೆ ಮೊದಲು ಮಣ್ಣು ಹಚ್ಚಿದವನು. ಥಂಡಾಯಿಯನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಬದಾಮಿ, ಗಸಗಸೆ, ಬಡೆಸೋಪು, ಕರಿಮೆಣಸನ್ನು ತಾನೇ ಕೂತು ಅರೆದು, ಧೋತರದ ಬಟ್ಟೆಯಲ್ಲಿ ಮೂರು ಸಲ ಸೋಸಿ, ತಾನೇ ಗ್ಲಾಸಿಗೆ ಹಾಕಿ ಕೊಡುತ್ತಿದ್ದ. ಶಿವರಾತ್ರಿಗೆ ಜಾತಿ ಕೇಳದೆ ಊರ ಹುಡುಗರೆಲ್ಲ ಹೋಗಿ ಕುಡಿದು ಬರುತ್ತಿದ್ದರು. ಬೇರೆ ಊರ ತಾಲೀಮುಗಳಲ್ಲಿ ಭಂಗಿ ಬೆರೆಸುತ್ತಾರೆ, ನಮ್ಮಲ್ಲಿ ಇಲ್ಲ ಎಂಬುದು ಅವನ ಒಂದೇ ಒಂದು ಜಂಬ.

ಅವನು ಬಂದು ಪಡಸಾಲೆಯ ಹೊಸ್ತಿಲ ಹತ್ತಿರ ಕೂತ. "ಪೋರಗ ಚಲೋ ಆಗತೈತಿ ಅಂದ್ರ ನಾ ಏನ್ ಬೇಕಾದ್ರೂ ಹೇಳ್ತೇನಿ. ಏನ್ ಹೇಳ್ಬೇಕು ಅಷ್ಟ ಹೇಳ್ರಿ ಅಕ್ಕಾರ."

"ಯಾರೋ ಥಂಡಾಯಿದಾಗ ಭಂಗಿ ಹಾಕಿದ್ರು, ನಂಗ ಗೊತ್ತಾಗ್ಲಿಲ್ಲ ಅನ್ರಿ."

ಮುದುಕ ಮೀಸೆಯ ತುದಿ ಸವರಿದ. "ಯಾರೋ ಹಾಕಿದ್ರು ಅಂತೇನಿ. ನಂಗ ಗೊತ್ತಾಗ್ಲಿಲ್ಲ ಅನ್ನೂದು ಭಾಳ ತ್ರಾಸ ನೋಡ್ರಿ," ಎಂದ. ಕೊನೆಗೆ ಹೇಳಿಕೆಯ ಕಾಗದಕ್ಕೆ ಸಹಿ ಮಾಡಿದ. ತಮ್ಮ ಅಷ್ಟು ಹೊತ್ತೂ ಗೋದಲಿಯಲ್ಲಿ ಎಮ್ಮೆಗೆ ಮೇವು ಹಾಕುತ್ತ ನಿಂತಿದ್ದ, ಒಳಗೆ ಬರಲಿಲ್ಲ. ಕಮಿಟಿಗೆ ಕಳಿಸುವ ಪತ್ರ ನಾನೇ ಟೈಪ್ ಮಾಡಿದೆ. ಒಂದು ಕಾಮಾ ತಪ್ಪಿರಲಿಲ್ಲ.

ವಿಚಾರಣೆ ನಡೆದದ್ದು ನನ್ನ ಲ್ಯಾಪ್‌ಟಾಪಿನಲ್ಲಿ, ಅದೇ ಪಡಸಾಲೆಯಲ್ಲಿ. ಪರದೆಯ ಮೇಲೆ ಕೋಟು ಹಾಕಿದ ಮೂವರು, ತೀರ್ಪು ಕೊಡುವ ದೊಡ್ಡ ಕಮಿಟಿಯವರು. ಅವರಿಗೆ ಕನ್ನಡ ಬಾರದು, ವಸ್ತಾದನಿಗೆ ಇಂಗ್ಲಿಷ್ ಬಾರದು, ನಡುವೆ ನಾನು. ತಮ್ಮ ಬಿಳಿ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದ. ಶುರುವಿನಲ್ಲಿ ಎಲ್ಲ ಸರಿಯಾಗಿ ನಡೆಯಿತು. ಶಿವರಾತ್ರಿಗೆ ಥಂಡಾಯಿ ಮಾಡುತ್ತೀರಾ, ಹೌದ್ರಿ. ಎಲ್ಲರಿಗೂ ಕೊಡುತ್ತೀರಾ, ಹೌದ್ರಿ. ಆಗ ನಡುವಿನ ಹೆಂಗಸು ಒಂದು ಪ್ರಶ್ನೆ ಕೇಳಿದಳು. ಇಷ್ಟು ವರ್ಷದಿಂದ ಮಾಡುತ್ತಿದ್ದೀರಿ, ಯಾರೋ ಸೊಪ್ಪು ಬೆರೆಸಿದರೆ ನಿಮಗೆ ರುಚಿಯಲ್ಲಿ ಗೊತ್ತಾಗುವುದಿಲ್ಲವೇ?

ಅದನ್ನು ಕನ್ನಡದಲ್ಲಿ ಹೇಳಿದೆ. ಮುದುಕ ಎದ್ದು ನಿಂತ.

"ಗೊತ್ತಾಗೂದಿಲ್ಲ? ನಂಗ? ಆಯಿ ಶಪ್ಪತ್ ಹೇಳ್ತೇನಿ, ನಲವತ್ತ ವರ್ಷದಾಗ ನನ್ನ ಥಂಡಾಯಿಗೆ ಎರಡನೇ ಕೈ ಬಿದ್ದಿಲ್ಲ! ಒಂದ ಎಲಿ ಬಿದ್ರ ಮೂಗಿಗೆ ಹೊಡಿತೈತಿ. ಮೊದಲನೇ ಗ್ಲಾಸ ನಾನ ಕುಡಿತೇನಿ, ಯಾವ ಮಗಾ ಭಂಗಿ ಹಾಕತಾನ, ಹಾಕಲಿ ನೋಡೂಣು!"

ಅಪ್ಪ ಅವನ ಧೋತರ ಹಿಡಿದು ಜಗ್ಗಿದ. "ಕುಂಡ್ರಪಾ, ಕುಂಡ್ರು!" ಆಗಲೇ ಮುದುಕನಿಗೆ ತಾನೇನು ಹೇಳಿದೆ ಎಂಬುದು ತಿಳಿಯಿತು. ತಮ್ಮನಿಗಾಗಿ ಜೀವ ಕೊಡು ಅಂದಿದ್ದರೆ ಕೊಡುತ್ತಿದ್ದ. ಅವನ ಥಂಡಾಯಿ ಕೇಳಿದೆವು, ಅದನ್ನು ಕೊಡಲು ಆಗಲಿಲ್ಲ.

ಪರದೆಯ ಮೇಲಿನ ಮೂವರೂ ನನ್ನನ್ನು ನೋಡುತ್ತಿದ್ದರು. ಮುದುಕರಿಗೆ ವಯಸ್ಸಾಗಿದೆ, ಖಾತ್ರಿಯಿಲ್ಲ ಅನ್ನುತ್ತಾರೆ, ಎಂದು ಹೇಳಿದ್ದರೆ ನಡೆದುಹೋಗುತ್ತಿತ್ತು. ಅಲ್ಲಿ ಕನ್ನಡ ಬಲ್ಲವರು ಯಾರಿದ್ದರು? ಆದರೆ ಆ ದಿನ ನನಗೆ ಸತ್ಯದ ಚಪಲ ಹತ್ತಿತು. ಮುದುಕ ಹೇಳಿದ್ದನ್ನು ಒಂದಕ್ಷರ ಬಿಡದೆ, ಎಲೆ, ಮೂಗು, ಮೊದಲನೇ ಗ್ಲಾಸು ಎಲ್ಲವನ್ನೂ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ. ಆ ಹೆಂಗಸು ಬರೆದುಕೊಂಡಳು.

ಎರಡು ವರ್ಷ ಹಾಕಿದರು.

ತಂಡದವರು ಒಂದೇ ಸಾಲಿನ ಸಂದೇಶ ಕಳಿಸಿ ಕೈ ತೊಳೆದುಕೊಂಡರು. ಅಪ್ಪ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಬಿಚ್ಚಿಸಿ ತಂದ. ಒಳ್ಳೇ ದಪ್ಪ ಹಾಳೆ, ಒಗೆಯುವುದು ಯಾಕೆಂದು ಮಳೆ ಬಂದಾಗ ತಂಬಾಕಿನ ರಾಶಿಗೆ ಹೊದಿಸಿದ. ತಮ್ಮನ ಮುಖ ಒಳಗಡೆ, ತಂಬಾಕಿನ ಮೇಲೆ. ಊರಲ್ಲಿ ಮಾತ್ರ ಅಪ್ಪನ ಮಾನ ಹೋಗಲಿಲ್ಲ. ನಾವು ಹೇಳಿದ ಕಥೆಯನ್ನು ದೊಡ್ಡ ಕಮಿಟಿ ನಂಬಲಿಲ್ಲ, ಊರು ನಂಬಿತು. ಹುಡುಗ ಬಂಗಾರ, ವಸ್ತಾದನೇ ಮೋಸಗಾರ ಎಂದಿತು. ಮುದುಕನಿಗೆ ಭಂಗಿ ವಸ್ತಾದ ಎಂಬ ಹೆಸರು ಬಿತ್ತು. ಮುಂದಿನ ಶಿವರಾತ್ರಿಗೆ ಅವನು ಅರೆದು ಸೋಸಿ ಕಾಯುತ್ತ ಕೂತರೆ ಒಬ್ಬ ತಾಯಿಯೂ ಮಗನನ್ನು ಕಳಿಸಲಿಲ್ಲ. ತಮ್ಮನೊಬ್ಬನೇ ಹೋಗಿ, ಒಂದಾದ ಮೇಲೊಂದು ಆರು ಗ್ಲಾಸು ಕುಡಿದು ಬಂದನಂತೆ. ಇದನ್ನು ಅವ್ವ ಫೋನಿನಲ್ಲಿ ಹೇಳಿ ಅತ್ತಳು. ಅಥಣಿಯಲ್ಲಿ ನನ್ನ ಅತ್ತೆ, "ಪಾಪ, ನಿನ್ನ ತಮ್ಮಗ ಯಾರೋ ಮೋಸ ಮಾಡ್ಯಾರಂತ," ಎಂದು ಮರುಗಿದರು. ಹೌದ್ರಿ ಅತ್ತೀ, ಎಂದೆ.

ಶಿಕ್ಷೆ ಮುಗಿದಾಗ ಅವನಿಗೆ ಇಪ್ಪತ್ತೇಳು ದಾಟಿತ್ತು. ಮೂರು ತಂಡಗಳಿಗೆ ಫೋನು ಮಾಡಿದ. ಒಂದು ತಂಡದವರು ನೋಡೋಣ ಎಂದರು. ನೋಡಲಿಲ್ಲ.

ಕಳೆದ ದೀಪಾವಳಿಗೆ ತವರಿಗೆ ಹೋಗಿದ್ದೆ. ಅವನಿಗೀಗ ಎಂಟು ಎಮ್ಮೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾನೆ. ಹೆಗಲು ಹಾಗೇ ಇದೆ, ಹೊಟ್ಟೆ ಬಂದಿದೆ. ಬೆಳಿಗ್ಗೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಅವನು ಹಾಲು ಹಿಂಡಿ, ಕಾಯಿಸಿ, ಸಕ್ಕರೆ ಹಾಕಿ, ದೊಡ್ಡ ಗ್ಲಾಸಿನಲ್ಲಿ ತುಂಬ ತಂದು ನನ್ನ ಕೈಗೆ ಕೊಟ್ಟ.

"ಕುಡಿ ಅಕ್ಕಾ. ಸಣ್ಣಾಕಿದ್ದಾಗ ನಿಂಗ ಹಾಲ ಸೇರತಿರಲಿಲ್ಲಂತ, ಅವ್ವ ಹೇಳತಿದ್ಲು. ಈಗರ ಕುಡಿ."

ನನಗೆ ಹಾಲು ಸೇರುತ್ತಿರಲಿಲ್ಲವಂತೆ. ಹಾಗಂತ ಅವನಿಗೆ ಹೇಳಿ ಬೆಳೆಸಿದ್ದಾಳೆ ಅವ್ವ. ಅವನು ನನ್ನ ಪಕ್ಕ ಕೂತ, ಕೈಗೆ ಅಂಟಿದ್ದ ಸಗಣಿಯನ್ನು ಕಟ್ಟೆಯ ಕಲ್ಲಿಗೆ ಉಜ್ಜಿದ.

"ಅಕ್ಕಾ, ಒಂದ ಮಾತ ಕೇಳ್ಲಿ? ಸಿಟ್ಟಾಗಬ್ಯಾಡ. ಆ ಪತ್ರದಾಗ ಪೆನ್ಸಿಲ್ ಗೆರಿ ಎಳದಿದ್ದೆ, ನೋಡಿದಿ?"

ನಾನು ಬಿಸಿ ಗ್ಲಾಸನ್ನು ಇನ್ನೊಂದು ಕೈಗೆ ಬದಲಿಸಿದೆ.

"ಮೊಬೈಲಿನ್ಯಾಗ ಹಾಕಿದ್ರ ಎಲ್ಲಾ ಕನ್ನಡದಾಗ ಬರತೈತಿ ಈಗ. ಒಂದ ತಿಂಗಳದ್ದು ಓದಿದ್ದೆ ನಾನು. ಅಪ್ಪನ ಮುಂದ ನನಗ ಬಾಯಿ ಬರೂದಿಲ್ಲ ಅಂತ ನಿನ್ನ ಕಡೆ ತಂದೆ. ನೀ ಓದತಿ, ಅಪ್ಪ ಒಂದ್ ನಾಕ ಹೊಡಿತಾನ, ಮುಗೀತು ಅಂದ್ಕೊಂಡಿದ್ದೆ. ನೀ ಬಿಟ್ಟಿ. ಅಕ್ಕ ಕಲತಾಕಿ, ಬಿಟ್ಟಾಳ ಅಂದ್ರ ಏನೋ ಕಾರಣ ಇರಬೇಕು ಅಂತ ನಾನೂ ಸುಮ್ನಾದೆ." ನನ್ನ ಕಡೆ ತಿರುಗಿ ಕೇಳಿದ. "ಏನಿತ್ತಕ್ಕಾ ಕಾರಣ?"

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ. ಕಾರಣ ನನ್ನ ಕೈಯಲ್ಲೇ ಇತ್ತು, ಕೆನೆ ಕಟ್ಟುತ್ತಿತ್ತು.

"ನಿನ್ನ ಮಾನ ಉಳೀಲಿ ಅಂತಲೇ," ಎಂದೆ.

ಅವನು ತಲೆಯಾಡಿಸಿದ. "ಹಂಗ ಇರಬೇಕು ಅಂದ್ಕೊಂಡಿದ್ದೆ," ಎಂದು ಎದ್ದು, ಹಾಲಿನ ಕ್ಯಾನುಗಳನ್ನು ಗಾಡಿಗೆ ಕಟ್ಟತೊಡಗಿದ. ನಾನು ಹಾಲನ್ನು ತಳದ ತನಕ ಕುಡಿದೆ.